ಬಬ್ಬೂರಿನ ಮನೆಯ ಎಡಗದ

ಬಾಗಿಲು ಕಂಡರೆ ಒಮ್ಮೆ ತೆರೆದು ಒಮ್ಮೆ ಮುಚ್ಚಿ ನೋಡದೆ ಚಿತ್ರಲಿಂಗಪ್ಪನವರ ಕಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಅದು ಅವರ ಕಸುಬೂ ಹೌದು, ಕಾಯಿಲೆಯೂ ಹೌದು ಎಂದು ಅವರ ಹೆಂಡತಿ ಪಾರ್ವತಮ್ಮ ಹೇಳುತ್ತಿದ್ದರು. ಅಣ್ಣನ ಮಗನಿಗೆ ಹೆಣ್ಣು ನೋಡಲು ಹೊಸದುರ್ಗಕ್ಕೆ ಹೋಗಿದ್ದಾಗ, ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದರೆ ಇವರು ಕುರ್ಚಿಯಲ್ಲಿ ಇರಲೇ ಇಲ್ಲ. ಕಿಟಕಿಯ ಬಳಿ ನಿಂತು ಅದರ ಚಿಲಕವನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ಹಿಂತಿರುಗುವಾಗ ಬಸ್ಸಿನಲ್ಲಿ ಪಾರ್ವತಮ್ಮ, ಹೇಗೆ ಕಂಡಿತು ಎಂದು ಕೇಳಿದರು. "ಹಸಿ ಮರ ಹಾಕ್ಯಾರೆ, ಇನ್ನೊಂದು ವರ್ಷಕ್ಕೆ ಸೊಟ್ಟ ಆಗ್ತೈತೆ," ಎಂದರು ಚಿತ್ರಲಿಂಗಪ್ಪನವರು. ಹೊಳಲ್ಕೆರೆ ದಾಟುವವರೆಗೆ ಪಾರ್ವತಮ್ಮ ಮುಖ ಆಚೆಗೆ ತಿರುಗಿಸಿಕೊಂಡೇ ಕುಳಿತರು.

ಅವರು ಹುಟ್ಟಿ ಬೆಳೆದದ್ದು ಚಿಕ್ಕಜಾಜೂರಿನಲ್ಲಿ. ತಂದೆ ರೈಲ್ವೆಯಲ್ಲಿ ಸಣ್ಣ ನೌಕರಿಯಲ್ಲಿದ್ದುದರಿಂದ ಬಾಲ್ಯವೆಲ್ಲ ರೈಲ್ವೆ ವಸತಿಯಲ್ಲಿ ಕಳೆಯಿತು. ಆ ಸಾಲುಮನೆಗಳ ಬಾಗಿಲುಗಳೆಲ್ಲ ಒಂದೇ ಅಳತೆಯವು. ಒಂದು ಬೆರಳಿನಿಂದ ತಳ್ಳಿದರೆ ಸಾಕು, ಸದ್ದಿಲ್ಲದೆ ಹೋಗಿ ಚೌಕಟ್ಟಿನಲ್ಲಿ ಕುಳಿತುಕೊಳ್ಳುತ್ತಿದ್ದವು. ಪ್ರಪಂಚದ ಬಾಗಿಲುಗಳೆಲ್ಲ ಹೀಗೆಯೇ ಇರುತ್ತವೆ ಎಂದು ಹುಡುಗ ನಂಬಿದ್ದನು. ಹೊಳಲ್ಕೆರೆಯ ಒಂದು ಬಾಗಿಲು ಕಿಟಕಿ ಮಾಡುವ ಅಂಗಡಿಗೆ ಕೆಲಸ ಕಲಿಯಲು ಸೇರಿದ ಮೇಲೆ ಆ ನಂಬಿಕೆ ಹೋಯಿತು. ಆದರೆ ಬಾಗಿಲು ಹಾಗಿರಬೇಕೆಂಬ ಆಸೆ ಹೋಗಲಿಲ್ಲ. ಮೂವತ್ತು ವರ್ಷ ಅವರು ಮರ ಕೊಯ್ದರು, ಕೀಸುಳಿ ಹಿಡಿದು ನುಣುಪು ಮಾಡಿದರು, ಕದ ಕೂರಿಸಿದರು. ಬಲಭುಜದ ಕೀಲು ಸವೆದು ತೋಳು ಮೇಲಕ್ಕೆ ಏಳದಾದಾಗ ಚಿತ್ರದುರ್ಗದ ಇಂಜಿನಿಯರ್ ಲಕ್ಷ್ಮೀಕಾಂತ್ ಅವರನ್ನು ತಮ್ಮ ಕಚೇರಿಗೆ ಕರೆದುಕೊಂಡರು. ಮನೆ ಕೊಳ್ಳುವವರು, ಕಟ್ಟಿಸಿ ಜಗಳವಾಡಿಕೊಂಡವರು, ಹಳೆಯ ಮನೆಯನ್ನು ರಿಪೇರಿ ಮಾಡಿಸಬೇಕೆಂದವರು ಆ ಕಚೇರಿಗೆ ಬಂದು ಮನೆಯ ತಪಾಸಣೆ ಮಾಡಿಸುತ್ತಿದ್ದರು. ಗೋಡೆ ಚಾವಣಿಗಳನ್ನು ಲಕ್ಷ್ಮೀಕಾಂತ್ ನೋಡುವರು. ಬಾಗಿಲು, ಕಿಟಕಿ, ಮರಗೆಲಸ ಎಲ್ಲವೂ ಚಿತ್ರಲಿಂಗಪ್ಪನವರ ಪಾಲು.

ಕೆಲಸ ಹಗುರವಾದದ್ದೇ. ಚೀಲದಲ್ಲಿ ಮಟ್ಟ ನೋಡುವ ಒಂದು ರಸಮಟ್ಟ, ದಾರ ಕಟ್ಟಿದ ಒಂದು ತೂಕದ ಗುಂಡು, ಒಂದು ಉಕ್ಕಿನ ಪಟ್ಟಿ, ಒಂದು ದಬ್ಬಳ. ಜೇಬಿನಲ್ಲಿ ಒಂದು ರೂಪಾಯಿ ನಾಣ್ಯ. ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಆ ನಾಣ್ಯವನ್ನು ಸುತ್ತಲೂ ಓಡಿಸಬೇಕು. ಎಲ್ಲಿಯೂ ಸಿಕ್ಕದೆ, ಎಲ್ಲಿಯೂ ಸಡಿಲವಾಗದೆ ಓಡಿದರೆ ಬಾಗಿಲು ಸರಿಯಾಗಿದೆ ಎಂದು ಅರ್ಥ. ಆರು ವರ್ಷಗಳಲ್ಲಿ ಆ ನಾಣ್ಯ ಹಾಗೆ ಓಡಿದ ಮನೆಗಳನ್ನು ಅವರು ಒಂದು ಕೈಯ ಬೆರಳಿನಲ್ಲಿ ಎಣಿಸಿ ಹೇಳಬಲ್ಲವರಾಗಿದ್ದರು.

ಅವರ ಹೊಟ್ಟೆ ಉರಿಯುತ್ತಿದ್ದುದು ಬಾಗಿಲುಗಳಿಂದಲ್ಲ, ಮನೆಯವರಿಂದ. ಯಾವ ಮನೆಗೆ ಹೋದರೂ ಒಂದು ಬಾಗಿಲಿಗೆ ಒಂದು ಉಪಾಯವಿರುತ್ತಿತ್ತು. ಒಂದನ್ನು ಮೊಣಕಾಲಿನಿಂದ ಒತ್ತಬೇಕು. ಇನ್ನೊಂದನ್ನು ಹಿಡಿಕೆ ಹಿಡಿದು ಮೇಲಕ್ಕೆ ಎತ್ತಬೇಕು. ಮತ್ತೊಂದಕ್ಕೆ ಮಡಿಸಿದ ರಟ್ಟು ತುರುಕಬೇಕು. ಚಿತ್ರದುರ್ಗದ ಒಂದು ಹೊಸ ಮನೆಯಲ್ಲಿ ಬಚ್ಚಲಿನ ಬಾಗಿಲು ತೆರೆದರೆ ಅಡುಗೆಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಒಬ್ಬರು ಸ್ನಾನ ಮುಗಿಸಿ ಬರುವಾಗ ಅಡುಗೆಮನೆಯಲ್ಲಿರುವವರಿಗೆ ಕೂಗಿ ಹೇಳಬೇಕಾಗಿತ್ತು. ಹೊಳಲ್ಕೆರೆಯ ಅಡಕೆ ವ್ಯಾಪಾರಿಯೊಬ್ಬರು ಒಳ್ಳೆಯ ಸಾಗುವಾನಿಯ ಮೂರು ಕಿಟಕಿ ಮಾಡಿಸಿ, ಮೂರಕ್ಕೂ ಬೀರು ಅಡ್ಡ ಇರಿಸಿದ್ದರು. ಇವರು ದೋಷ ಹೇಳಿದರೆ ಎಲ್ಲರೂ ಒಂದೇ ಬಗೆಯಲ್ಲಿ ನಕ್ಕು, "ಒಂಚೂರು ಎತ್ತಿ ತಳ್ಳಿರಿ ಸಾರ್, ಬರ್ತೈತೆ," ಎನ್ನುತ್ತಿದ್ದರು. ಎತ್ತಿ ತಳ್ಳುವುದನ್ನು ಕಲಿತ ಮನೆ ರಿಪೇರಿಯನ್ನು ಮರೆಯುತ್ತದೆ ಎಂಬುದು ಅವರ ಸಿಟ್ಟು.

ಅವರ ಕೈಯನ್ನು ಕಟ್ಟಿಹಾಕುವಂತೆ ಲಕ್ಷ್ಮೀಕಾಂತ್ ಒಂದು ನಿಯಮ ಮಾಡಿದ್ದರು: ನೋಡಬೇಕು, ಬರೆಯಬೇಕು, ಬರಬೇಕು, ಯಾವ ಉಪಕರಣವನ್ನೂ ಹಿಡಿದು ರಿಪೇರಿಗೆ ಇಳಿಯಬಾರದು. ಹಿಂದೆ ಒಮ್ಮೆ ಇವರು ತಡೆಯಲಾರದೆ ಒಂದು ಕಿಟಕಿಯ ರೆಕ್ಕೆ ಬಿಚ್ಚಿ ಕೂರಿಸಿದಾಗ, ಮೊದಲೇ ಬಿರುಕು ಬಿಟ್ಟಿದ್ದ ಗಾಜನ್ನು ಇವರೇ ಒಡೆದರೆಂದು ಮನೆಯವರು ಕಚೇರಿಯವರೆಗೆ ಬಂದಿದ್ದರು. ಅಂದಿನಿಂದ ಚಿತ್ರಲಿಂಗಪ್ಪನವರು ನೋಡುತ್ತಿದ್ದರು, ಬರೆಯುತ್ತಿದ್ದರು, ಹಲ್ಲು ಕಚ್ಚಿಕೊಂಡು ಬರುತ್ತಿದ್ದರು.

ಬಬ್ಬೂರಿನ ತಿಪ್ಪಯ್ಯನವರ ಮನೆಗೆ ಅವರು ಹೋದದ್ದು ಒಂದು ಶುಕ್ರವಾರ. ಹಿರಿಯೂರಿನಲ್ಲಿ ಬಸ್ಸಿಳಿದು, ಆಟೋ ಹಿಡಿದು, ಕೃಷಿ ಫಾರಂ ದಾಟಿ ಹೋಗಿ ಇಳಿಯುವಾಗಲೇ ಅವರಿಗೆ ದಿನ ತಪ್ಪಾಯಿತು ಎನ್ನಿಸಿತು. ಶುಕ್ರವಾರವೆಂದರೆ ಹೆಂಗಸರು ಹೊಸ್ತಿಲು ತೊಳೆದು, ಅರಿಶಿನ ಬಳಿದು, ರಂಗೋಲಿ ಎಳೆದು, ಹೂವಿಟ್ಟಿರುವ ದಿನ. ಹೊಸ್ತಿಲನ್ನು ತಪಾಸಣೆ ಮಾಡಬೇಕಾದವನು ಅಂದು ಅದರ ಹತ್ತಿರ ಸುಳಿಯುವುದೂ ಕಷ್ಟ.

ತಿಪ್ಪಯ್ಯನವರದು ಕುರಿ ಸಾಕುವ ಮನೆತನ. ಇನ್ನೂರಕ್ಕೆ ಮೇಲ್ಪಟ್ಟ ಮಂದೆ. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಮಂದೆಯನ್ನು ಭದ್ರಾ ನಾಲೆಯ ಸೀಮೆಗೆ ಹೊಡೆದುಕೊಂಡು ಹೋಗಿ, ಕೊಯ್ದ ಗದ್ದೆಗಳಲ್ಲಿ ತರುಬಿ, ತಿಂಗಳುಗಟ್ಟಲೆ ಕಳೆದು ಬರುವುದು ವಾಡಿಕೆ. ಹೊರಡುವ ದಿನ ಮನೆಯ ಹಿರಿಯನು ಬಾಗಿಲಿನ ಹೊರಗೆ ನಿಂತು, ಮುಂದಿನ ಟಗರಿನ ಹಣೆಗೆ ಭಂಡಾರ ಹಚ್ಚಿ ಕಳುಹಿಸಬೇಕು. ನಲವತ್ತೆರಡು ವರ್ಷ ತಿಪ್ಪಯ್ಯನವರು ಒಂದು ಸಲವೂ ತಪ್ಪಿಸಿರಲಿಲ್ಲ. ಈ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಮಗ ತಿಮ್ಮೇಶ್ ಗಾಲಿ ಕುರ್ಚಿ ತಂದ. ಮುಂಬಾಗಿಲಿನ ಮೆಟ್ಟಿಲಿಗೆ ಪಕ್ಕದಲ್ಲಿ ಇಳಿಜಾರು ಕಟ್ಟಿಸಿದ. ಹೊಸ್ತಿಲನ್ನು ದಾಟಿಸಲು ಹಲಗೆ ಮಾಡಿಸಿದ. ಆದರೆ ಎರಡು ವರ್ಷದ ಹಿಂದೆ ಕಟ್ಟಿಸಿದ ಆ ಮನೆಯ ಬಾಗಿಲೇ ಕೈಕೊಟ್ಟಿತ್ತು. ಮೂರೂವರೆ ಅಡಿ ಅಗಲದ ಜೋಡಿ ಬಾಗಿಲು. ಅದರ ಎಡಗದ ನೆಲಕ್ಕೆ ಕಚ್ಚಿಕೊಂಡು ಅಲುಗುತ್ತಿರಲಿಲ್ಲ. ಬಲಗದದ ಸಂದಿನಲ್ಲಿ ಮನುಷ್ಯ ಅಡ್ಡ ತಿರುಗಿ ಬರಬಹುದಿತ್ತು, ಕುರ್ಚಿ ಬರಲಾಗುತ್ತಿರಲಿಲ್ಲ. ಹಿಂಬಾಗಿಲು ಇನ್ನೂ ಕಿರಿದು. ದಸರಾ ಕಳೆದಂದಿನಿಂದ ಮುದುಕರು ನಡುಮನೆಯಲ್ಲಿಯೇ ಇದ್ದರು. ಈಗ ಭಾನುವಾರ ಮಂದೆ ಹೊರಡುವುದಿತ್ತು.

ಆಟೋ ನಿಂತಲ್ಲಿಗೆ ಎದುರಾಗಿ ಬಂದಿದ್ದ ತಿಮ್ಮೇಶ್ ಮನೆಯ ದಾರಿಯಲ್ಲಿಯೇ ಇಷ್ಟನ್ನೂ ಹೇಳಿ ಮುಗಿಸಿದ. ಬಡಗಿ ಮಾರಪ್ಪ ಮೂರು ಸಲ ಬಂದು ಕದದ ಕೆಳಗನ್ನು ಕೀಸುಳಿ ಹೊಡೆದಿದ್ದನಂತೆ. ಪ್ರತಿ ಸಲವೂ ಒಂದು ತಿಂಗಳು ಬಾಗಿಲು ಸಲೀಸಾಗಿ ಆಡಿ, ಆಮೇಲೆ ಮತ್ತೆ ಕಚ್ಚಿಕೊಂಡಿತಂತೆ. ಇನ್ನು ಕೆತ್ತಿದರೆ ಕದದ ಕೂಡುಗಳೇ ಬಿಟ್ಟುಹೋಗುತ್ತವೆಂದು ಮಾರಪ್ಪ ನಾಲ್ಕನೆಯ ಸಲ ಬರುವುದಿಲ್ಲ ಎಂದಿದ್ದನು. ಗಾರೆಯವನು ಮರ ಸರಿಯಿಲ್ಲ ಎನ್ನುತ್ತಿದ್ದನು; ಮಾರಪ್ಪ ಗಾರೆ ಸರಿಯಿಲ್ಲ ಎನ್ನುತ್ತಿದ್ದನು. ಓಣಿಯವರೆಲ್ಲ, ಮಳೆಗೆ ಮರ ಉಬ್ಬಿದೆ ಎಂದು ತೀರ್ಮಾನಿಸಿದ್ದರು.

"ಮಳೆ ಎಲ್ಲಿ ಬಂತಪ್ಪ ಹಿರಿಯೂರಿಗೆ?" ಎಂದು ಚಿತ್ರಲಿಂಗಪ್ಪನವರು ಅಲ್ಲಿಯೇ ನಿಂತು ಕೇಳಿದರು. "ಉಬ್ಬಿದ ಮರ ಬಿಸಿಲಿಗೆ ಇಳೀಬೇಕಲ್ಲ? ಇದು ಬೇಸಿಗೇಲೂ ಕಚ್ಚೈತೆ, ಚಳೀಗೂ ಕಚ್ಚೈತೆ. ಇದು ಉಬ್ಬಿದ್ದಲ್ಲ."

ಏನೆಂದು ತಿಮ್ಮೇಶ್ ಕೇಳಿದ್ದಕ್ಕೆ, ನೋಡದೆ ಹೇಳಲು ತಾನು ಓಣಿಯವನಲ್ಲ ಎಂದು ಮುಂದೆ ನಡೆದರು.

ಬಾಗಿಲಿನ ಮುಂದೆ ತಿಪ್ಪಯ್ಯನವರ ಹೆಂಡತಿ ಉಚ್ಚಂಗೆಮ್ಮ ನಿಂತಿದ್ದರು. ಗಟ್ಟಿ ಮುದುಕಿ, ಹಣೆಯ ಕುಂಕುಮ ಕಾಸಿನಗಲ. ಅವರ ಹಿಂದೆ ಹೊಸ್ತಿಲು ಹಳದಿ ಬಣ್ಣ, ಅದರ ಮೇಲೆ ಅರಿಶಿನ, ಅದರ ಮೇಲೆ ಬಿಳಿ ಎಳೆಯ ರಂಗೋಲಿಗಳಿಂದ ಫಳಫಳ ಹೊಳೆಯುತ್ತಿತ್ತು. ಬರ್ರಿ, ಕುಂತ್ಕಳ್ರಿ ಎಂಬ ಉಪಚಾರವಾಯಿತು, ಸೊಸೆ ನಾಗಶ್ರೀ ಚಹಾ ತಂದಳು. ಒಳಗೆ ಗಾಲಿ ಕುರ್ಚಿಯಲ್ಲಿ ತಿಪ್ಪಯ್ಯನವರು ತೆರೆದ ಬಲಗದದ ಸಂದಿಗೆ ಎದುರಾಗಿ ಕುಳಿತಿದ್ದರು. ಅಲ್ಲಿಂದ ಅವರಿಗೆ ಕಾಣುತ್ತಿದ್ದುದು ಬೀದಿಯ ಒಂದು ಗೇಣಗಲದ ಪಟ್ಟಿ ಮಾತ್ರ. ಕುರಿಹಟ್ಟಿ ಆಚೆ ಬದಿಗೆ, ಎಡಗದದ ಕಡೆಗೆ ಇತ್ತು.

ಚಿತ್ರಲಿಂಗಪ್ಪನವರು ಚಹಾ ಕುಡಿದು ಚೀಲ ಬಿಚ್ಚಿದರು. ರಸಮಟ್ಟವನ್ನು ಹೊಸ್ತಿಲ ಮೇಲೆ ಇಡಲು ಬಾಗಿದ ಕೂಡಲೇ ಉಚ್ಚಂಗೆಮ್ಮನ ಕೈ ಅಡ್ಡ ಬಂತು. ಶುಕ್ರವಾರ ಹೊಸ್ತಿಲ ಮೇಲೆ ಕಬ್ಬಿಣ ಇಡಬಾರದಂತೆ. ಇದು ಕಬ್ಬಿಣವಲ್ಲ, ಅಲ್ಯೂಮಿನಿಯಂ ಎಂದು ಇವರು ಹೇಳಿದರು. ಯಾವುದಾದರೂ ಒಂದೇ ಎಂದು ಅವರು ಹೇಳಿದರು. ಸರಿ, ಮೇಲೆ ಚೌಕಟ್ಟಿನ ಮೂಲೆಯನ್ನಾದರೂ ನೋಡೋಣವೆಂದರೆ ಅಲ್ಲಿ ಪ್ಲಾಸ್ಟಿಕ್ ಮಾವಿನ ತೋರಣ ಇಳಿಬಿದ್ದಿತ್ತು. ಅದನ್ನು ಸರಿಸಲು ಒಪ್ಪಿಗೆ ಬೇಕಾಯಿತು. ಸರಿಸಿದರೆ ಅದರ ಕೆಳಗೆ ಎಡಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಹೋಗಿತ್ತು. ಬೆರಳ ತುದಿ ಹಿಡಿಯುವಷ್ಟು. ಇದನ್ನು ಯಾರೂ ನೋಡಲಿಲ್ಲವೇ ಎಂದು ಕೇಳಿದಾಗ, ನೋಡಿದ್ದರಿಂದಲೇ ತೋರಣವನ್ನು ಅಲ್ಲಿಗೆ ಕಟ್ಟಿದ್ದು ಎಂದು ನಾಗಶ್ರೀ ನಿರಾಳವಾಗಿ ಹೇಳಿದಳು.

ಚಿತ್ರಲಿಂಗಪ್ಪನವರು ಹಲ್ಲು ಕಚ್ಚಿಕೊಂಡು ಬಿರುಕನ್ನು ಬರೆದುಕೊಂಡರು.

ತೂಕದ ಗುಂಡನ್ನು ಇಳಿಬಿಟ್ಟು ನೋಡಿದರು. ಎಡಗಂಬ ನೆಟ್ಟಗೆ ಇತ್ತು. ಕದದ ಕೀಲುಗಳನ್ನು ಅಲುಗಿಸಿದರು; ಬಿಗಿಯಾಗಿದ್ದವು. ಮರವನ್ನು ದಬ್ಬಳದಿಂದ ಅಲ್ಲಲ್ಲಿ ಚುಚ್ಚಿದರು. ಒಣಗಿದ ಗಟ್ಟಿ ಮರ, ಮಾರಪ್ಪ ಮೋಸ ಮಾಡಿರಲಿಲ್ಲ. ಮರವೂ ಸರಿ, ಕೀಲೂ ಸರಿ, ಕಂಬವೂ ನೆಟ್ಟಗೆ. ಆದರೂ ಕದ ಕೆಳಗಿಳಿದಿದೆ ಎಂದಮೇಲೆ ಕಂಬವೇ ಕದವನ್ನು ಹೊತ್ತುಕೊಂಡು ಕೆಳಗಿಳಿದಿರಬೇಕು. ಅದನ್ನು ಖಚಿತಪಡಿಸಿಕೊಳ್ಳಲು ಹೊಸ್ತಿಲಿನ ಮಟ್ಟ ನೋಡಲೇಬೇಕಾಗಿತ್ತು.

ಅವರು ಉಚ್ಚಂಗೆಮ್ಮನ ಕಡೆಗೆ ತಿರುಗಿ, ಹೊಸ್ತಿಲ ಮೇಲೆ ಹಿತ್ತಾಳೆ ತಟ್ಟೆ ಇಡಬಹುದೇ ಎಂದು ಕೇಳಿದರು. ಅದಕ್ಕೇನು, ಆರತಿ ತಟ್ಟೆಯನ್ನು ದಿನವೂ ಇಡುತ್ತೇವಲ್ಲ ಎಂದರು ಅವರು. ತಟ್ಟೆಯಲ್ಲಿ ನೀರು ಹಾಕಬಹುದೇ? ಹಾಕಬಹುದು. ಚಿಟಿಕೆ ಅರಿಶಿನ? ಅದಂತೂ ಒಳ್ಳೆಯದೇ. ಚಪ್ಪಟೆ ತಳದ ತಟ್ಟೆ ಬಂತು. ಹೊಸ್ತಿಲಿನ ನಡುವೆ ಇಟ್ಟು ಕಾಲು ಲೋಟ ನೀರು ಸುರಿದರೆ ಹಳದಿ ನೀರೆಲ್ಲ ಎಡಕ್ಕೆ ಓಡಿ ನಿಂತಿತು. ಬಲಗಡೆಯ ಅರ್ಧ ತಟ್ಟೆ ಒಣಗಿಯೇ ಉಳಿಯಿತು. ನೋಡುತ್ತಿದ್ದ ತಿಮ್ಮೇಶ್ ಉಸ್ಸೆಂದ. ಒಳಗಿನಿಂದ ತಿಪ್ಪಯ್ಯನವರು ಕುತ್ತಿಗೆ ಚಾಚಿದರು.

ಇವರು ಮೆಟ್ಟಿಲ ಮೇಲೆ ಮಂಡಿಯೂರಿ, ಹೊಸ್ತಿಲನ್ನು ಬೆರಳ ಗೆಣ್ಣಿನಿಂದ ಬಲದಿಂದ ಎಡಕ್ಕೆ ತಟ್ಟುತ್ತ ಹೋದರು. ಬಲಗಡೆ ಗಟ್ಟಿ ಸದ್ದು. ಎಡಗಡೆ ಖಾಲಿ ಮಡಕೆಯ ಸದ್ದು. ಹೊಸ್ತಿಲಿಗೂ ಗಾರೆಗೂ ನಡುವೆ ಒಂದು ಸಣ್ಣ ಸಂದಿನಿಂದ ಇರುವೆಗಳು ಸಾಲುಗಟ್ಟಿ ಹೊರಗೆ ಬರುತ್ತಿದ್ದವು. ಹೊಸ್ತಿಲಿನ ಮೇಲಲ್ಲ, ಅದರ ಕೆಳಗಿನ ಗಾರೆಗೆ ಎಂದು ಉಚ್ಚಂಗೆಮ್ಮನಿಗೆ ತಿಳಿಸಿ ಹೇಳಿ, ಉಕ್ಕಿನ ಪಟ್ಟಿಯನ್ನು ಆ ಸಂದಿಗೆ ತೂರಿಸಿದರು. ಅದು ಎಲ್ಲಿಯೂ ತಡೆಯದೆ ಒಂದು ಗೇಣು ಒಳಗೆ ಹೋಯಿತು. ಹೊರಗೆಳೆದಾಗ ತುದಿಯಲ್ಲಿ ಕಪ್ಪು ಪುಡಿ, ಅದರ ಜೊತೆಗೆ ಅರ್ಧ ಹುರುಳಿಕಾಳಿನ ಸಿಪ್ಪೆ.

ಅದನ್ನು ಅವರು ಅಂಗೈಯಲ್ಲಿ ಉಜ್ಜಿ ನೋಡಿದರು. ಮೂವತ್ತು ವರ್ಷ ಬಾಗಿಲು ನಿಲ್ಲಿಸಿದವರಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಪೂಜೆ ಮಾಡಿ, ಹೊಸ್ತಿಲಿನ ಕೆಳಗೆ ಒಂದು ನಾಣ್ಯದೊಡನೆ ಒಂದು ಚಿಟಿಕೆ ನವಧಾನ್ಯ ಹಾಕಿ, ಹಾಲೆರೆಯುವುದು ಎಲ್ಲ ಮನೆಗಳಲ್ಲಿಯೂ ಉಂಟು.

"ಯಕ್ಕಾ, ಇದರ ಕೆಳಗೆ ಕಾಳು ಎಷ್ಟು ಹಾಕಿದ್ರಿ?" ಎಂದು ಕೇಳಿದರು.

ಎಲ್ಲರೂ ಹಾಕುವಷ್ಟೇ ಎಂದರು ಉಚ್ಚಂಗೆಮ್ಮ. ಎಲ್ಲರೂ ಹಾಕುವುದು ಒಂದು ಚಿಟಿಕೆ ಎಂದು ಇವರು ನೆನಪಿಸಿದರು. ಒಂದು ಹಿಡಿ ಇರಬಹುದು ಎಂದು ಅವರು ಸ್ವಲ್ಪ ಇಳಿದರು. ಆಮೇಲೆ ಒಂದು ಸೇರು ಎಂದರು. ನಾಗಶ್ರೀ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆಗೆ ತಿರುಗಿದಳು.

"ಅತ್ತೆ, ಮೂರು ಸೇರು," ಎಂದಳು. "ಒಂಬತ್ತು ಮನೆಯವ್ರು ಬಂದಿದ್ರು. ಒಬ್ಬೊಬ್ರೂ ಮಡ್ಲಾಗೆ ತಂದಿದ್ರು. ವಾಪಸ್ ತಗಂಡೋಗಬಾರ್ದು ಅಂತ ನೀವೇ ಎಲ್ಲಾ ಸುರಿಸಿದ್ರಿ."

ಕಥೆ ಬಿಡಿಬಿಡಿಯಾಗಿ ಹೊರಗೆ ಬಂತು. ಬಂಧುಗಳ ಒಂಬತ್ತು ಮನೆಯ ಹೆಂಗಸರು ತಂದ ಕಾಳನ್ನು ಬೇಡವೆನ್ನಲಾಗದೆ ಎಲ್ಲವನ್ನೂ ಎಡಗಂಬದ ಬುಡಕ್ಕೆ ಹಾಕಲಾಗಿತ್ತು. ಜಾಗ ಸಾಲದಾದಾಗ ಗಾರೆಯವನು, ಹೆಂಗಸರ ಮಾತಿಗೆ ಎದುರಾಡಲಾರದೆ, ಹಾಸಿದ್ದ ಗಾರೆಯನ್ನೇ ತೋಡಿ ಗುಳಿ ಮಾಡಿಕೊಟ್ಟಿದ್ದನು. ಮೇಲೆ ಹಾಲು ಸುರಿದರು. ಆಮೇಲೆ ಹದಿನೈದು ದಿನ ಗೋಡೆಗೆ ನೀರು ಹೊಡೆದರು. ಕಾಳು ನೆನೆದು ಉಬ್ಬಿ ಹೊಸ್ತಿಲನ್ನು ಬಿಗಿಯಾಗಿ ಹೊತ್ತು ನಿಂತಿತು. ಮಾರಪ್ಪ ಪಾಪ ಆ ಮಟ್ಟಕ್ಕೆ ಸರಿಯಾಗಿ ಕದ ಕೂರಿಸಿದನು. ಆಮೇಲೆ ಕಾಳು ಕೊಳೆಯಿತು, ಒಣಗಿತು, ಇರುವೆ ಹೊತ್ತವು. ಶುಕ್ರವಾರಕ್ಕೊಮ್ಮೆ ಕೊಡಗಟ್ಟಲೆ ನೀರು ಬಿದ್ದು ಉಳಿದದ್ದೂ ಕರಗಿತು. ಕೆಳಗೆ ಪೊಳ್ಳಾದಂತೆಲ್ಲ ಚೌಕಟ್ಟಿನ ಎಡಗಾಲು, ಭಾರದ ಕದವನ್ನು ಹೊತ್ತುಕೊಂಡು, ತಿಂಗಳಿಗಿಷ್ಟು ಎಂದು ಇಳಿಯುತ್ತ ಬಂತು. ಇಳಿದಷ್ಟೂ ಕದವನ್ನು ಕೆತ್ತುತ್ತ ಬಂದರು. ನೆಲಕ್ಕೆ ತಾಗಿದ್ದು ಕದ. ತಪ್ಪೆಲ್ಲ ಕದದ ಮೇಲೆ ಬಂತು.

ಚಿತ್ರಲಿಂಗಪ್ಪನವರು ಮೇಲೆದ್ದು ಮಂಡಿಯ ಮಣ್ಣು ಕೊಡವಿಕೊಂಡರು. ಕಾರಣ ಸಿಕ್ಕಿದ ಸಂತೋಷ ಅವರಿಗೆ ಒಂದು ಗಳಿಗೆಯೂ ಉಳಿಯಲಿಲ್ಲ. ಇನ್ನು ಇದನ್ನು ವರದಿಯಲ್ಲಿ ಬರೆಯಬೇಕು. ಕಚೇರಿಯಲ್ಲಿ ಅದು ಟೈಪಾಗಬೇಕು. ಲಕ್ಷ್ಮೀಕಾಂತ್ ಸಹಿ ಹಾಕಬೇಕು. ಎಂಟು ದಿನ ಹಿಡಿಯುವುದು. ಮಂದೆ ಹೊರಡಲು ಎರಡು ದಿನ.

ಹೊಸ್ತಿಲಿನ ಎಡತುದಿಯನ್ನು ಎತ್ತಿ ಅಡಿಯನ್ನು ಗಟ್ಟಿಯಾಗಿ ತುಂಬಿಸಬೇಕೆಂದು ತಿಮ್ಮೇಶನಿಗೆ ಹೇಳಿದರು. ಹೊಸ್ತಿಲು ಎಂಬ ಮಾತು ಕಿವಿಗೆ ಬಿದ್ದಿದ್ದೇ ಉಚ್ಚಂಗೆಮ್ಮ ಬಾಗಿಲಿಗೆ ಅಡ್ಡ ನಿಂತರು. ಪೂಜೆ ಮಾಡಿ ಕೂರಿಸಿದ ಹೊಸ್ತಿಲನ್ನು ಕೀಳಲು ತಾನು ಬದುಕಿರುವವರೆಗೆ ಬಿಡುವುದಿಲ್ಲ ಎಂದರು. ಕೊನೆಗೆ ಎಡಗದವನ್ನಾದರೂ ಬಿಚ್ಚಿಡೋಣವೆಂದು ತಿಮ್ಮೇಶ್ ಹಿಂದೆಯೇ ಹೇಳಿದ್ದನಂತೆ; ಬಾಗಿಲು ಕಿತ್ತ ಮನೆ ಎಂದು ಊರವರು ಆಡಿಕೊಳ್ಳುತ್ತಾರೆಂದು ಆಗಲೂ ತಾಯಿ ಅತ್ತು ತಡೆದಿದ್ದರು. ಗಂಡನ ಮೇಲೆ ಅವರಿಗೆ ಪ್ರೀತಿಯಿಲ್ಲವೆಂದಲ್ಲ. ಲಕ್ವ ಹೊಡೆದ ಮನೆಯಲ್ಲಿ ಹೊಸ್ತಿಲನ್ನೂ ಕಿತ್ತರೆ ಇನ್ನೇನು ಕಾದಿದೆಯೋ ಎಂಬ ಭಯ. ಅದು ಅವರ ಕಣ್ಣಿನಲ್ಲಿಯೇ ಕಾಣುತ್ತಿತ್ತು. ಆದುದರಿಂದ ಚಿತ್ರಲಿಂಗಪ್ಪನವರಿಗೆ ಬೈಯಲೂ ಬಾಯಿ ಬರಲಿಲ್ಲ, ಸುಮ್ಮನಿರಲೂ ಆಗಲಿಲ್ಲ.

"ಯಕ್ಕಾ, ಒಂದ್ಸಲ ಕೇಳಿಸ್ಕಳ್ರಿ," ಎಂದರು. "ನೀವು ಪೂಜೆ ಮಾಡಿ ಕೂರ್ಸಿದ ಜಾಗದಾಗೆ ಹೊಸ್ತಿಲು ಈಗ ಇಲ್ಲ. ಮುಕ್ಕಾಲು ಅಂಗುಲ ಕೆಳಗೆ ಹೋಗೈತೆ. ನಾನು ಕೀಳಾಣ ಅಂತಿಲ್ಲ. ನೀವು ಎಲ್ಲಿ ಕೂರ್ಸಿದ್ರೋ ಅಲ್ಲಿಗೇ ತಿರುಗಿ ತಗಂಡೋಗಿ ಇಡಾಣ ಅಂತಿದೀನಿ."

ಉಚ್ಚಂಗೆಮ್ಮ ತಟ್ಟೆಯ ನೀರನ್ನು ನೋಡಿದರು. ಅದು ಎಡಗಡೆಯಲ್ಲಿಯೇ ನಿಂತಿತ್ತು.

ಆಗ ಒಳಗಿನಿಂದ ತಿಪ್ಪಯ್ಯನವರ ಮಾತು ಕೇಳಿಸಿತು. ಲಕ್ವದಿಂದ ಅವರ ಬಾಯಿ ಒಂದು ಕಡೆಗೆ ಎಳೆದಿದ್ದು, ಒಂದೊಂದು ಮಾತನ್ನೂ ಹೊತ್ತು ತೆಗೆದುಕೊಂಡು ಆಡುತ್ತಿದ್ದರು. ಮಗ ಹೊತ್ತುಕೊಂಡು ಹೋಗುತ್ತೇನೆಂದಾಗಲೆಲ್ಲ ಅವರು ಒಪ್ಪಿರಲಿಲ್ಲ.

"ಉಚ್ಚಂಗೀ, ನನ್ನ ಈ ಬಾಗ್ಲಾಗೆ ಹೊತ್ಕಂಡು ಹೋಗೋದು ಒಂದೇ ಸಲ," ಎಂದರು. "ಅದು ಈ ಭಾನುವಾರ ಆಗೋದು ಬ್ಯಾಡ."

ನಾಗಶ್ರೀಯ ನಗು ನಿಂತಿತು. ಉಚ್ಚಂಗೆಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ಇವತ್ತು ಶುಕ್ರವಾರ, ಹಾರೆ ಮುಟ್ಟಿಸಬೇಡಿ, ನಾಳೆ ಏನಾದರೂ ಮಾಡಿಕೊಳ್ಳಿ ಎಂದು ಹೇಳಿ ಒಳಗೆ ಹೋದರು.

ಹಿಂತಿರುಗುವ ಬಸ್ಸಿನಲ್ಲಿ ಚಿತ್ರಲಿಂಗಪ್ಪನವರು ಕಚೇರಿಯ ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬಿದರು. ದೋಷದ ಕಾರಣ ಎಂಬಲ್ಲಿ ಮರ, ಕೀಲು, ಚೌಕಟ್ಟು, ಗೋಡೆ ಎಂದು ನಾಲ್ಕು ಚೌಕಗಳಿದ್ದವು. ಒಂದಕ್ಕೆ ಗುರುತು ಹಾಕಬೇಕು. ಅವರು ಯಾವುದಕ್ಕೂ ಹಾಕದೆ ಅಂಚಿನಲ್ಲಿ 'ನವಧಾನ್ಯ, ಮೂರು ಸೇರು' ಎಂದು ಬರೆದರು. ಲಕ್ಷ್ಮೀಕಾಂತರಿಗೆ ಫೋನು ಮಾಡಿ ಮರುದಿನ ರಜೆ ಬೇಕೆಂದರು. ಬಬ್ಬೂರಿನಲ್ಲಿ ಏನನ್ನಾದರೂ ಮುಟ್ಟಲು ಹೋಗುತ್ತಿದ್ದೀರಾ ಎಂದು ಅವರು ಕೂಡಲೇ ಕೇಳಿದರು. ಬಾಗಿಲನ್ನಂತೂ ಮುಟ್ಟುವುದಿಲ್ಲ ಎಂದು ಇವರು ಹೇಳಿದರು. ಅದು ಸುಳ್ಳಾಗಿರಲಿಲ್ಲ.

ಶನಿವಾರ ಬೆಳಗ್ಗೆ ಮಾರಪ್ಪನನ್ನು ಕರೆತರುವುದೇ ಒಂದು ಸಾಹಸವಾಯಿತು. ಮರ ಚೆನ್ನಾಗಿದೆ, ನಿನ್ನ ತಪ್ಪಿಲ್ಲ ಎಂದು ಚಿತ್ರಲಿಂಗಪ್ಪನವರು ಫೋನಿನಲ್ಲಿ ಹೇಳಿದರೂ ಅವನು ನಂಬಲಿಲ್ಲ. ಬಂದು ತಟ್ಟೆಯ ನೀರನ್ನು ಕಣ್ಣಾರೆ ನೋಡಿದ ಮೇಲೆ ಓಣಿಗೆಲ್ಲ ಕೇಳಿಸುವಂತೆ ಅರ್ಧ ಗಂಟೆ ಭಾಷಣ ಮಾಡಿದನು. ಕೆಲಸ ಅದಕ್ಕಿಂತ ಬೇಗ ಮುಗಿಯುವಂಥದು. ಹೊಸ್ತಿಲಿನ ಎಡತುದಿಯ ಕೆಳಗೆ ಹೊರಗಿನಿಂದ ಗಾರೆ ಬಿಡಿಸಿದರು. ಕಪ್ಪಾದ ಕಾಳಿನ ಪುಡಿ ಕಂಡ ಕೂಡಲೇ ಉಚ್ಚಂಗೆಮ್ಮ ಎಲ್ಲರನ್ನೂ ಸರಿಸಿ, ಯಾರ ಕೈಗೂ ಬಿಡದೆ, ತಾವೇ ಬೊಗಸೆಯಿಂದ ತೋಡಿ ಮೊರಕ್ಕೆ ಹಾಕಿಕೊಂಡರು. ಹೊಲಕ್ಕೆ ಹಾಕಬೇಕು, ತುಳಿಯುವಂತಿಲ್ಲ. ಅದರಲ್ಲಿ ಸಿಕ್ಕಿದ ನಾಣ್ಯವನ್ನು ತೊಳೆದು ಕಣ್ಣಿಗೊತ್ತಿಕೊಂಡರು. ತಿಮ್ಮೇಶ್ ಹಾರೆ ಮೀಟಿದ. ಮಾರಪ್ಪ ಮೇಲೆ ಚೌಕಟ್ಟನ್ನು ಹಿಡಿದ. ಚಿತ್ರಲಿಂಗಪ್ಪನವರು ಸರಿಯಿಲ್ಲದ ಭುಜವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ತಟ್ಟೆಯ ನೀರನ್ನು ನೋಡುತ್ತ, ಇನ್ನೊಂದು ಕೂದಲಷ್ಟು, ಇನ್ನೊಂದು ಕೂದಲಷ್ಟು ಎನ್ನುತ್ತಿದ್ದರು. ನೀರು ತಟ್ಟೆಯ ತುಂಬ ಹರಡಿ ನಿಂತಿತು. ಚಪ್ಪಡಿ ಚೂರುಗಳನ್ನು ಬಿಗಿಯಾಗಿ ತುರುಕಿ, ಸಂದಿಗೆಲ್ಲ ಸಿಮೆಂಟಿನ ಗಟ್ಟಿ ಗಾರೆ ಮೆತ್ತಿದರು. ಅದು ಮುಗಿಯುವ ಮೊದಲು ಉಚ್ಚಂಗೆಮ್ಮ ನಾಣ್ಯವನ್ನೂ, ಒಂದಿಷ್ಟು ಕಾಳನ್ನೂ ತಂದು ನಿಂತರು. ಚಿತ್ರಲಿಂಗಪ್ಪನವರು ಅವರ ಮುಷ್ಟಿ ಬಿಡಿಸಿ, ಒಂಬತ್ತು ಕಾಳನ್ನು ಎಣಿಸಿ ಬಿಟ್ಟು ಉಳಿದದ್ದನ್ನು ನಾಗಶ್ರೀಯ ಕೈಗೆ ಕೊಟ್ಟರು.

ಕದವನ್ನು ಮೂರು ಸಲ ಕೆತ್ತಿದ್ದರಿಂದ ಈಗ ಅದರ ಕೆಳಗೆ ಇಲಿ ನುಗ್ಗುವಷ್ಟು ಸಂದು ಉಳಿಯಿತು. ಮಾರಪ್ಪ ಗೊಣಗುತ್ತ ಒಂದು ಪಟ್ಟಿ ಅಳೆದುಕೊಂಡು ಹೋದ. ಮರುದಿನದವರೆಗೆ ಯಾರೂ ಹೊಸ್ತಿಲ ಮೇಲೆ ಭಾರ ಹಾಕಬಾರದೆಂದೂ, ನೀರು ಸುರಿಯಬಾರದೆಂದೂ ಚಿತ್ರಲಿಂಗಪ್ಪನವರು ಮೂರು ಸಲ ಹೇಳಿದರು.

ಭಾನುವಾರ ಪಾರ್ವತಮ್ಮನೊಡನೆ ಚಿಕ್ಕಜಾಜೂರಿನ ನೆಂಟರ ಮನೆಗೆ ಹೋಗುವುದಿತ್ತು. ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಹೇಳಿ ಇವರು ಮೊದಲ ಬಸ್ಸಿಗೆ ಹಿರಿಯೂರಿನ ಕಡೆಗೆ ಹೊರಟರು. ನಂಬಿಕೆ ಬರಲಿಲ್ಲ ಎಂಬುದೇ ಕಾರಣ. ಆ ಮನೆಯವರ ಮೇಲೂ, ತಮ್ಮ ಮೇಲೂ. ಹೊತ್ತು ಮಾರುದ್ದ ಏರಿದಾಗ ಅವರು ಬಬ್ಬೂರು ತಲುಪಿದರು. ಮಂದೆ ಆಗಲೇ ಬೀದಿಗೆ ಬಂದಿತ್ತು. ಕಂಬಳಿ, ಪಾತ್ರೆ, ಬಲೆ ಹೇರಿದ ಕತ್ತೆ ಒಂದು ಪಕ್ಕಕ್ಕೆ ನಿಂತಿತ್ತು. ಎಡಗದ ಮುಚ್ಚಿಯೇ ಇತ್ತು. ಇವರು ಬರುವವರೆಗೆ ಮುಟ್ಟಬಾರದೆಂದು ತಿಮ್ಮೇಶ್ ಕಾಯಿಸಿದ್ದನಂತೆ.

ಚಿತ್ರಲಿಂಗಪ್ಪನವರು ಜೇಬಿನಿಂದ ನಾಣ್ಯ ತೆಗೆದು, ಕೆಳಗಿನ ಸಂದನ್ನು ಬಿಟ್ಟು, ಕದದ ಸುತ್ತ ಓಡಿಸಿದರು. ಮೇಲೆ ಒಂದು ಕಡೆ ಸ್ವಲ್ಪ ತಡೆಯಿತು, ಮತ್ತೆ ಓಡಿತು. ಅಗುಳಿ ತೆಗೆದು ಒಂದು ಬೆರಳಿನಿಂದ ತಳ್ಳಿದರು. ಕದ ಸದ್ದಿಲ್ಲದೆ ಒಳಕ್ಕೆ ಹೋಗಿ ಗೋಡೆಗೆ ಒರಗಿತು. ಬೆಳಕು ನಡುಮನೆಯ ಒಳಗೆ ಕುರ್ಚಿಯವರೆಗೆ ಬಿತ್ತು. ತಿಪ್ಪಯ್ಯನವರು ಕಣ್ಣಿಗೆ ಕೈ ಅಡ್ಡ ಹಿಡಿದರು.

ತಿಮ್ಮೇಶ್ ಹಲಗೆ ಹಾಕಿ ಕುರ್ಚಿಯನ್ನು ಹೊಸ್ತಿಲು ದಾಟಿಸಿದ, ಇಳಿಜಾರಿನಲ್ಲಿ ಮೆಲ್ಲನೆ ಇಳಿಸಿದ. ಮುಂದಿನ ಟಗರನ್ನು ಕೊಂಬು ಹಿಡಿದು ತಂದರು. ಮುದುಕರು ಬಲಗೈಯಿಂದ ಭಂಡಾರ ತೆಗೆದು ಅದರ ಹಣೆಗೆ ಹಚ್ಚಿದರು. ಆ ಕೈಯನ್ನು ಅಲ್ಲಿಯೇ ಬಹಳ ಹೊತ್ತು ಇಟ್ಟಿದ್ದರು. ಟಗರು ಅವರ ತೊಡೆಯ ಕಂಬಳಿಯನ್ನು ಮೂಸಿತು. ಆಮೇಲೆ ಅವರು ಕತ್ತೆತ್ತಿ ಮಂದೆಯನ್ನೆಲ್ಲ ಒಂದು ಸಲ ನೋಡಿ, "ಏನ್ಲೇ ತಿಮ್ಮ, ಎರಡು ತಿಂಗ್ಳು ನಾನು ಕಾಣ್ಲಿಲ್ಲ ಅಂತ ಇವಕ್ಕೆ ಹೊಟ್ಟೆಗೆ ಹಾಕಿಲ್ಲೇನಲೇ?" ಎಂದರು. ಬೈಗುಳ ಮಂದೆ ಬೀದಿಯ ತಿರುವು ದಾಟುವವರೆಗೆ ನಡೆಯಿತು. ಅಷ್ಟು ಮಾತನ್ನು ಅವರು ಬೇಸಿಗೆಯಿಂದ ಈಚೆಗೆ ಆಡಿರಲಿಲ್ಲ ಎಂದು ನಾಗಶ್ರೀ ಮೆಲ್ಲಗೆ ಹೇಳಿದಳು.

ಚಿತ್ರಲಿಂಗಪ್ಪನವರು ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿದರು. ಉಚ್ಚಂಗೆಮ್ಮ ತುಂಬಿದ ಕೊಡ ಹಿಡಿದು ಹೊಸ್ತಿಲಿನ ಮುಂದೆ ನಿಂತಿದ್ದರು. ಒಂದು ವಾರ ನೀರು ಸುರಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು ಇವರು ಮತ್ತೆ ಹೇಳಿದರು. ಹಾಗೆಯೇ ಆಗಲಿ ಎಂದು ಅವರು ತಲೆಯಾಡಿಸಿದರು. ಆಡಿಸುತ್ತಲೇ ಕೊಡವನ್ನು ಬಾಗಿಸಿ ಎಡತುದಿಯಿಂದ ಬಲತುದಿಯವರೆಗೆ ಪೂರಾ ಸುರಿದರು.

ಇವರು ಚೀಲವನ್ನು ಮತ್ತೆ ಕೆಳಗಿಟ್ಟರು. ಬಿಸಿಲಿನಲ್ಲಿ ಕುಳಿತಿದ್ದ ತಿಪ್ಪಯ್ಯನವರು ಕುರ್ಚಿಯಿಂದಲೇ ಪಕ್ಕದ ಕಲ್ಲನ್ನು ತೋರಿಸಿದರು.

"ಕುಂತ್ಕಳ್ರಿ ಯಜಮಾನ್ರೇ," ಎಂದರು. "ನಲವತ್ತು ವರ್ಷದಿಂದ ನಾನೂ ಹೇಳ್ತಾನೇ ಇದೀನಿ."